ಸ್ಪಷ್ಟನೆ: ಹೊಗೆಯಿಲ್ಲದ ಇದ್ದಿಲು ಭಟ್ಟಿ, ಜೊತೆಗೆ ಪುಕ್ಕಟೆ ಕರೆಂಟು?

"ಈ ಭಟ್ಟಿಯಲ್ಲಿ ಇದ್ದಿಲು ಮಾಡಿದರೆ ಹೊಗೆ ಸೊನ್ನೆ, ಮೇಲಿಂದ ಪುಕ್ಕಟೆ ಕರೆಂಟು" ಎಂಬ ಮಾತು ಹರಿದಾಡುತ್ತಿದೆ. ಅರ್ಧ ನಿಜ.

ಗಾಳಿಯಾಡದಂತೆ ಮುಚ್ಚಿ ಸೌದೆಯನ್ನು ಸುಮಾರು 400–500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಮೀಥೇನ್, ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಡಾಂಬರಿನ ಆವಿ ಹೊರಡುತ್ತವೆ. ಮಣ್ಣು ಮುಚ್ಚಿದ ಹಳೆಯ ಗೂಡಿನಲ್ಲಿ ಇವೆಲ್ಲ ಗಾಳಿಪಾಲು. ಹೊಗೆಯಿಲ್ಲದ್ದು ಎನ್ನುವ ಈ ರಿಟಾರ್ಟ್ ಮಾದರಿಯ (ಸೌದೆಯನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಕಾಯಿಸುವ) ಭಟ್ಟಿ ಅವನ್ನು ಕೊಳವೆಯಲ್ಲಿ ಹಿಂದಕ್ಕೆ ತಂದು ತನ್ನ ಒಲೆಯಲ್ಲೇ ಉರಿಸುತ್ತದೆ. ಹೊಗೆ ಬಹಳ ಇಳಿಯುತ್ತದೆ ನಿಜ, ಆದರೆ ಹೊತ್ತಿಸುವಾಗ, ಸೌದೆ ಹಸಿಯಿದ್ದಾಗ ಬಂದೇ ಬರುತ್ತದೆ. ವಿಷದ ಗ್ಯಾಸಾದ ಕಾರ್ಬನ್ ಮೊನಾಕ್ಸೈಡಿಗಂತೂ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ಕಾಣಲಿಲ್ಲವೆಂದು ಮುಚ್ಚಿದ ಕೊಠಡಿಯಲ್ಲಿ ಭಟ್ಟಿ ಹೂಡಬೇಡಿ, ಜೀವಕ್ಕೇ ಕುತ್ತು.

ಇನ್ನು ಆ "ಪುಕ್ಕಟೆ". ಸೌದೆಯ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಇದ್ದಿಲಿನಲ್ಲೇ ಉಳಿಯುತ್ತದೆ. ಉಳಿದದ್ದರಲ್ಲಿ ಒಂದು ಪಾಲು ಸೌದೆಯ ತೇವ ಆರಿಸಿ ಕಾಯಿಸುವುದಕ್ಕೇ ಹೋಗುತ್ತದೆ. ಮಿಕ್ಕ ಶಾಖದಲ್ಲಿ ನೀರು ಕಾಯಿಸುವುದು, ಕಾಳು ಒಣಗಿಸುವುದು ಸುಲಭ. ಕರೆಂಟಿನ ಮಾತೇ ಬೇರೆ, ಅದಕ್ಕೆ ಈ ಗ್ಯಾಸಿನಲ್ಲಿ ಓಡುವ ಎಂಜಿನ್ ಬೇಕು. ಡಾಂಬರು ತೆಗೆಯದ ಗ್ಯಾಸನ್ನು ಹಾಗೇ ಅದರೊಳಕ್ಕೆ ಬಿಟ್ಟರೆ ವಾಲ್ವುಗಳು ಅಂಟಿಕೊಂಡು ಎಂಜಿನ್ ಕೆಡುತ್ತದೆ. ಗ್ಯಾಸನ್ನು ತಂಪಾಗಿಸಿ ಸೋಸುವ ಈ ಕೆಲಸಕ್ಕೇ ಭಟ್ಟಿಗಿಂತ ಹೆಚ್ಚು ನಿಗಾ ಬೇಕಾಗುತ್ತದೆ.