ಎರಡು ಕ್ಯಾಲೆಂಡರ್, ಒಂದು ಆಣಿ

ಕಾಸರಗೋಡಿನ ಕನ್ನಡದ ಮನೆಗೆ ಎರಡು ಕ್ಯಾಲೆಂಡರ್ ಬೇಕು. ಏಕಾದಶಿ, ಚೌತಿ, ಅಜ್ಜನ ತಿಥಿ ನೋಡುವುದಕ್ಕೆ ಮಂಗಳೂರು ಕಡೆಯಿಂದ ಬಂದ ಕನ್ನಡದ್ದು. ಶಾಲೆಗೆ ಎಂದು ರಜೆ, ಓಣಂ ಯಾವ ವಾರ ಎಂದು ನೋಡುವುದಕ್ಕೆ ಮಲಯಾಳದ್ದು. ಒಂದರಲ್ಲಿ ನವೆಂಬರ್ 1 ಕೆಂಪು, ಇನ್ನೊಂದರಲ್ಲಿ ಕಪ್ಪು. 1956ರಲ್ಲಿ ಒಂದೇ ದಿನ ಗೆರೆ ಎಳೆಸಿಕೊಂಡ ಎರಡು ರಾಜ್ಯಗಳಲ್ಲಿ ಒಂದು ಆ ದಿನ ರಜೆ ಕೊಡುತ್ತದೆ, ಇನ್ನೊಂದು ಕೆಲಸಕ್ಕೆ ಕಳಿಸುತ್ತದೆ. ನಾವಿರುವುದು ಕೆಲಸಕ್ಕೆ ಹೋಗುವ ಬದಿಯಲ್ಲಿ. ಅದಿರಲಿ. ಎರಡು ಕ್ಯಾಲೆಂಡರಿಗೆ ಎರಡು ಆಣಿ ಬೇಕು, ತಕರಾರು ಶುರುವಾಗುವುದು ಅಲ್ಲಿಂದ. (ಆಣಿ ಎಂದರೆ ಘಟ್ಟದ ಮೇಲಿನವರ ಮೊಳೆ. ಕಾಲಿನದಲ್ಲ.)

ಮೊದಲ ಆಣಿ ಹೇಗೋ ಕೂರುತ್ತದೆ. ಎರಡನೆಯದರ ಮೂರನೇ ಪೆಟ್ಟಿಗೆ ಸುತ್ತ ಕೂದಲೆಳೆಯ ಬಿರುಕು ಕಾಣಿಸುತ್ತದೆ. ಐದನೇ ಪೆಟ್ಟಿಗೆ ತಟ್ಟೆಯಗಲದ ಸಾರಣೆ (ಪ್ಲಾಸ್ಟರು) ಕಾಲ ಬುಡದಲ್ಲಿ. ಅದರ ಹಿಂದೆ ಕೆಂಪು ಹುಡಿ, ಒರಲೆ (ಗೆದ್ದಲು) ಬಿಟ್ಟುಹೋದ ಒಂದು ಹಳೆಯ ದಾರಿ, ನಾಲಗೆಗೆ ತಾಗಿಸಿದರೆ ಉಪ್ಪುಪ್ಪಾದ ಬಿಳಿ ಪುಡಿ. ಮನೆಯವರು ಆಣಿಗೆ ಬೈದು ಡ್ರಿಲ್ಲು ತರಿಸುತ್ತಾರೆ. ಡ್ರಿಲ್ಲು ಬಂದರೆ ತಟ್ಟೆಯಗಲದ ಬದಲು ಮೊರದಗಲ ಬೀಳುತ್ತದೆ, ಅಷ್ಟೇ ವ್ಯತ್ಯಾಸ.

ತಪ್ಪು ಆಣಿಯದ್ದಲ್ಲ, ಗೋಡೆಯ ಮುರಕಲ್ಲಿನದೂ (ಜಂಬಿಟ್ಟಿಗೆಯದೂ) ಅಲ್ಲ. ಹಳೆಯ ಗೋಡೆ ಮಣ್ಣಿನಲ್ಲೇ ಕಲ್ಲು ಕೂರಿಸಿ ಕಟ್ಟಿದ್ದು, ಒಂದೂವರೆ ಅಡಿ ದಪ್ಪ. ಮೈಮೇಲೆ ಸುಣ್ಣದ ತೆಳು ಸಾರಣೆ. ನಡುವೆ ಯಾವುದೋ ಮದುವೆಯ ಗಡಿಬಿಡಿಯಲ್ಲಿ 'ಸ್ಟ್ರಾಂಗ್ ಆಗಲಿ' ಎಂದು ಸಿಮೆಂಟು ಬಳಿಸಿರುತ್ತಾರೆ. ಮುರಕಲ್ಲಿಗೆ ಮೈಯೆಲ್ಲ ತೂತು. ಬಾಯಾರು, ಪಡ್ರೆ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆದು, ಇದೇ ಕಲ್ಲು ಬಸಿದುಕೊಟ್ಟ ನೀರು ಕುಡಿದು, ಅದರಲ್ಲೇ ಅಡಿಕೆ ತೋಟ ಮಾಡಿದವರು ನಾವು. ಅದೇ ಕಲ್ಲಿನ ಗೋಡೆ ಆಟಿ ತಿಂಗಳ (ಜುಲೈ-ಆಗಸ್ಟಿನ) ಮಳೆಗೆ ಒದ್ದೆಯಾಯಿತೆಂದರೆ ಮಾತ್ರ ಎಲ್ಲಿಲ್ಲದ ಆಶ್ಚರ್ಯ! ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಗೋಡೆ ಒದ್ದೆಯಾಗುವುದೇನೂ ದೊಡ್ಡ ಸಂಗತಿಯಲ್ಲ, ಒಣಗಲು ಅದಕ್ಕೆ ದಾರಿ ಉಂಟೋ ಎಂಬುದೇ ಪ್ರಶ್ನೆ. ಪಂಚಾಂಗದಿಂದ (ತಿಥಿ ನೋಡುವುದಲ್ಲ, ಮನೆಯ ಅಡಿಪಾಯ) ಏರಿದ ನೀರು ಸುಣ್ಣದ ಮೈಯಿಂದ ಬೇಸಿಗೆಯಲ್ಲಿ ಆರಿಹೋಗುತ್ತಿತ್ತು. ಸಿಮೆಂಟು ಆ ದಾರಿ ಮುಚ್ಚಿತು. ಎರಡಡಿಗೆ ನಿಲ್ಲುತ್ತಿದ್ದ ತೇವ ಈಗ ನಾಲ್ಕಡಿಗೆ ಹತ್ತುತ್ತದೆ, ಜೊತೆಗೆ ತಂದ ಉಪ್ಪು ಸಿಮೆಂಟಿನ ಬೆನ್ನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ನೂಕುತ್ತದೆ. ಇದನ್ನು ಮರೆಸಲು ಚಾವಡಿಯ ಗೋಡೆಗೆ ನಾಲ್ಕಡಿ ಎತ್ತರಕ್ಕೆ ಬಚ್ಚಲಿನ ಟೈಲ್ಸ್ ಅಂಟಿಸುವವರಿದ್ದಾರೆ. ತೇವ ಐದನೇ ಅಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿಗೂ ಟೈಲ್ಸ್ ಏರಿಸಿದರೆ ಚಾವಡಿಯಲ್ಲಿ ಕೂತವರಿಗೆ ಸೋಪು ಎಲ್ಲಿ ಎಂದು ಕೇಳುವ ಮನಸ್ಸಾಗುತ್ತದೆ.

ಹಳೆ ಮನೆಯಲ್ಲಿ ಒಂದು ಸಣ್ಣ, ಹಿತವಾದ ಕೋಣೆ ಮಾಡಿಕೊಳ್ಳುವುದು ಹೇಗೆ ಎಂಬ ಗುಟ್ಟನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಸುಣ್ಣದ ವಿಷಯ ಒಂದೆರಡು ಮಾತು.

ಪೇಟೆಯ ಅಂಗಡಿಯಲ್ಲಿ ಸುಣ್ಣ ಎಂದು ಕೇಳಿದರೆ ಎಲೆಅಡಿಕೆಯ ಡಬ್ಬಿ ಕೈಗೆ ಬರುವ ಅಪಾಯವಿದೆ. ಕುಮ್ಮಾಯ ಎನ್ನಬೇಕು, ಆಗ ಗೋಣಿ ಬರುತ್ತದೆ. ಸಿಮೆಂಟನ್ನು ಕೆತ್ತಿ ತೆಗೆಯುವುದು ಡಿಸೆಂಬರಿನಲ್ಲಿ. ಅದಕ್ಕೆ ಮೊದಲು ಬೆರಳ ಗೆಣ್ಣಿನಿಂದ ಗೋಡೆಯನ್ನೆಲ್ಲ ತಟ್ಟಿ, ಡಬಡಬ ಎಂದಲ್ಲಿಗೆ ಸೀಮೆಸುಣ್ಣದ ಗುರುತು ಹಾಕಬೇಕು. ಗುರುತಿನಿಂದ ಒಂದಡಿ ಮೇಲಿನವರೆಗೂ ತೆಗೆಯಬೇಕು, ಕಂಜೂಸುತನ ಮಾಡಬಾರದು. ಕಲ್ಲಿನ ಸಂದಿಯ ಹುಡಿಮಣ್ಣನ್ನು ಮುಕ್ಕಾಲು ಇಂಚು ಆಳಕ್ಕೆ ಕೆರೆದು, ಬ್ರಶ್ಶಿನಿಂದ ಗುಡಿಸಿ, ಬೆತ್ತಲೆ ಗೋಡೆಯನ್ನು ಫೆಬ್ರವರಿ ಮುಗಿಯುವವರೆಗೆ ಹಾಗೇ ಬಿಡಬೇಕು. ಈ ಎರಡು ಮೂರು ತಿಂಗಳಲ್ಲೇ ಮನೆಯವರ ಧೈರ್ಯ ಹೋಗುವುದು. ಬಂದ ನೆಂಟರೆಲ್ಲ "ಅಯ್ಯೋ, ಕೆಲಸ ಅರ್ಧಕ್ಕೆ ನಿಂತಿತಾ?" ಎಂದು ಕೇಳುತ್ತಾರೆ. ಗೋಡೆ ಒಣಗುತ್ತಾ ಉಂಟು ಎಂದರೆ ಬಟ್ಟೆಯಾ ಅದು ಎಂಬಂತೆ ನೋಡುತ್ತಾರೆ.

ಬೇಯಿಸಿದ ಸುಣ್ಣವನ್ನು ನೀರಿಗೆ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಸುರಿದರೆ ಕೊತಕೊತ ಕುದಿದು ಮುಖಕ್ಕೆ ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಅರಳಿದ ಸುಣ್ಣ ನೀರಿನಡಿಯಲ್ಲಿ ಕನಿಷ್ಠ ಹದಿನೈದು ದಿನ ನೆನೆಯಬೇಕು, ತಿಂಗಳಾದರೆ ಇನ್ನೂ ಒಳ್ಳೆಯದು. ಅರಳದೆ ಉಳಿದ ಒಂದೊಂದು ಕಾಳೂ ಸಾರಣೆಯಾದ ಮೇಲೆ ಅರಳಿ, ನಯವಾದ ಗೋಡೆಯಲ್ಲಿ ಸಿಡುಬಿನಂಥ ಗುಳಿ ಎಬ್ಬಿಸುತ್ತದೆ. ಆದ್ದರಿಂದ ಜರಡಿ ಹಿಡಿಯದೆ ಗತಿಯಿಲ್ಲ. ಬೆಣ್ಣೆಯ ಹದಕ್ಕೆ ಬಂದ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಯಿಗೆ (ಮರಳು), ಅದೂ ಹೊಳೆಯದ್ದಾಗಬೇಕು. ಕಡಲ ಹೊಯಿಗೆ ಹಾಕಿದರೆ ಉಪ್ಪನ್ನು ನಾವೇ ಕರೆದು ಒಳಗೆ ಕೂರಿಸಿದಂತೆ. ಗೋಡೆಗೆ ಹಿಂದಿನ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ನೀರು ಚಿಮುಕಿಸಿ, ಮೊದಲ ಕೋಟನ್ನು ಕರಣೆಯಿಂದ ಬೀಸಿ ಎರಚಬೇಕು. ಎರಚಿದ್ದು ಸಂದಿಗೆ ಕಚ್ಚಿಕೊಳ್ಳುತ್ತದೆ, ಸವರಿದ್ದು ಮೇಲೆ ಕೂರುತ್ತದೆ. ಒಂದು ಕೋಟು ಅರ್ಧ ಇಂಚಿಗಿಂತ ದಪ್ಪ ಬೇಡ. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಒತ್ತಿದರೆ ಒಳಹೋಗಬಾರದು, ಆಗ ಎರಡನೆಯದು. ಬಿಸಿಲು ಬೀಳುವ ಬದಿಗೆ ಒದ್ದೆ ಗೋಣಿ ಇಳಿಬಿಟ್ಟು ಒಂದು ವಾರ ತೇವ ಉಳಿಸಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು. ಅದಕ್ಕೆ ತುಸು ತೇವವೂ ಬೇಕು, ಅವಸರ ಮಾಡದ ಯಜಮಾನನೂ ಬೇಕು. ಎರಡನೆಯದು ಸಿಗುವುದು ಕಷ್ಟ. ಏಪ್ರಿಲ್ ಮುಗಿಯುವ ಮೊದಲು ಕೆಲಸ ಮುಗಿಯದಿದ್ದರೆ ಮುಂದಿನ ಡಿಸೆಂಬರಿಗೆ ಕಾಯುವುದೇ ಸೈ, ಮಳೆಗಾಲದಲ್ಲಿ ಮಾಡಿದ ಸುಣ್ಣದ ಸಾರಣೆ ಹಿಟ್ಟಿನಂತೆ ಉದುರುತ್ತದೆ.

ಕೊನೆಗೆ ಸುಣ್ಣ ಬಳಿಯುವುದು. ಹಾಲಿನಷ್ಟು ತೆಳ್ಳಗೆ ಕದಡಿ, ಬಟ್ಟೆಯಲ್ಲಿ ಸೋಸಿ, ದಿನಕ್ಕೊಂದರಂತೆ ಮೂರು ಸಲ. ಮೊದಲ ದಿನ ಗೋಡೆ ಒದ್ದೆ ಬೂದಿಯಂತೆ ಕಂಡು ಎಲ್ಲರಿಗೂ ನಿರಾಶೆ. ಮರುದಿನ ಬೆಳಿಗ್ಗೆ ಬೆಳ್ಳಗಾಗಿರುತ್ತದೆ. ಇಷ್ಟೆಲ್ಲ ಆದ ಗೋಡೆಗೆ ಮಾರನೇ ತಿಂಗಳು ಯಾರಾದರೂ ಪುಟ್ಟಿ ಹಚ್ಚಿ ಪ್ಲಾಸ್ಟಿಕ್ ಪೈಂಟು ಬಳಿದರೆ ಅವರೊಂದಿಗೆ ಮಾತು ಬಿಡುವುದು ನ್ಯಾಯವೇ.

ಈಗ ಆಣಿ. ಸುಣ್ಣದ ಗೋಡೆಗೂ ಆಣಿ ಹೊಡೆಯುವಂತಿಲ್ಲ! ಹಳೆಯವರು ಗೋಡೆ ಕಟ್ಟುವಾಗಲೇ ಮರದ ಗಿಳಿಗೂಟ ಇಟ್ಟದ್ದು ಸುಮ್ಮನೆ ಅಲ್ಲ. ಈಗ ಬೇಕೆಂದರೆ ಕಲ್ಲಿಗಲ್ಲ, ಕಲ್ಲುಗಳ ಸಂದಿಗೆ ನಾಲ್ಕು ಇಂಚು ಆಳದ ತೂತು ಕೊರೆದು, ಒಳಬದಿ ದಪ್ಪ ಹೊರಬದಿ ಸಪೂರವಾದ, ಚೆನ್ನಾಗಿ ಒಣಗಿದ ಹಲಸಿನ ಕಚ್ಚಿನ (ಮರದ ಗಟ್ಟಿ ನಡುಭಾಗದ) ತುಂಡನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ, ಹತ್ತು ದಿನ ಬಿಟ್ಟು ಅದಕ್ಕೆ ಸ್ಕ್ರೂ ತಿರುಗಿಸಬೇಕು. ಹಸಿ ಮರ ಹಾಕಿದರೆ ಬೇಸಿಗೆಯಲ್ಲಿ ಕುಗ್ಗಿ, ಕ್ಯಾಲೆಂಡರ್ ಸಮೇತ ಕೆಳಗಿಳಿಯುತ್ತದೆ.

ಇದಕ್ಕಿಂತ ಗೋಡೆಯನ್ನೇ ಉಪಯೋಗಿಸುವುದು ವಾಸಿ. ಎಂಟಡಿಗೆ ಹತ್ತಡಿ ಕೋಣೆಯಲ್ಲಿ ಕಪಾಟು ಇಟ್ಟರೆ ಮನುಷ್ಯ ಹೊರಗೆ ಮಲಗಬೇಕಾಗುತ್ತದೆ. ಹಾಗಾದರೆ ಜಾಗ ಎಲ್ಲಿದೆ? ಒಂದೂವರೆ ಅಡಿ ಗೋಡೆಯ ಒಳಗೆ. ಅದಕ್ಕೆ ಗೂಡು ಎನ್ನುತ್ತೇವೆ, ಹಕ್ಕಿಯದಕ್ಕೂ ಅದೇ ಮಾತು. ಹದಿನಾಲ್ಕು ಇಂಚು ಅಗಲ, ಹದಿನೆಂಟು ಎತ್ತರ, ಆಳ ಆರಕ್ಕಿಂತ ಹೆಚ್ಚು ಬೇಡ. ಮೊದಲು ಮೇಲಿನ ಪಟ್ಟಿಗೆ ಮಾತ್ರ ಸೀಳು ಕೊರೆದು, ಎರಡೂ ಬದಿ ಐದೈದು ಇಂಚು ಗೋಡೆಯ ಮೇಲೆ ಕೂರುವಂತೆ ಗಟ್ಟಿ ಮರದ ಹಲಗೆ ಕೊಟ್ಟು, ಒಂದು ವಾರ ಕಾದು, ಆಮೇಲೆ ಕೆಳಗಿನ ಕಲ್ಲು ಬಿಡಿಸಬೇಕು. ಮೊದಲೇ ತೂತು ಕೊರೆದು ಆಮೇಲೆ ಹಲಗೆ ಹುಡುಕುವವರಿಗೆ ಗೂಡಿನ ಬದಲು ಕಿಂಡಿ ಸಿಗುತ್ತದೆ. ಮೂಲೆಯಿಂದಲೂ ಬಾಗಿಲ ದಾರಂದದಿಂದಲೂ (ಚೌಕಟ್ಟಿನಿಂದಲೂ) ಎರಡಡಿ ದೂರ ಇರಲಿ. ತೊಲೆ ಕೂತ ಜಾಗದ ಅಡಿಯಲ್ಲಂತೂ ಬೇಡವೇ ಬೇಡ. ಉಳಿ, ಸುತ್ತಿಗೆ ಸಾಕು, ಅದುರುವ ಯಂತ್ರ ತಂದರೆ ಮಣ್ಣಿನ ಸಂದಿಯೆಲ್ಲ ಸಡಿಲ. ನೆಲದಲ್ಲಿ ಚಾಪೆ ಹಾಕಿ ಕೂರುವವರಿಗೆ ಗೂಡಿನ ತಳ ಎರಡಡಿ ಎತ್ತರದಲ್ಲಿ, ಮಂಚದಲ್ಲಿ ಒರಗಿ ಓದುವವರಿಗೆ ಮೂರಡಿಯಲ್ಲಿ. ತಳಕ್ಕೊಂದು ಕಡಪ ಕಲ್ಲು, ಅಂಚು ಮಾತ್ರ ಉಜ್ಜಿ ಗುಂಡಗೆ ಮಾಡಿದ್ದು. ಒಳಗೆ ಸಣ್ಣ ಬಲ್ಬಿಟ್ಟರೆ ಸುಣ್ಣದ ಒರಟು ಮೈಯಲ್ಲಿ ಕರಣೆಯ ಒಂದೊಂದು ಬೀಸೂ ಕಾಣುತ್ತದೆ.

ಈಗೀಗ 'ಕೋಝಿ' ರೂಮು ಬೇಕು ಎನ್ನುವವರು ಹೆಚ್ಚಾಗಿದ್ದಾರೆ. ಗಡಿಯಲ್ಲಿ ಈ ಪದವನ್ನು ಜಾಗ್ರತೆಯಿಂದ ಬಳಸಬೇಕು. ಮಲಯಾಳ ಬಲ್ಲ ಮೇಸ್ತ್ರಿಗಳಿಗೆ ಹಾಗೆಂದರೆ, "ಕೋಳಿ ಎಷ್ಟುಂಟು ನಿಮ್ಮಲ್ಲಿ?" ಎಂದು ಕೇಳಿ ಅದರ ಗೂಡಿನ ಅಳತೆ ಬರೆದುಕೊಂಡಾರು. ಈ ಕೋಝಿಯವರು ತೋರಿಸುವ ಚಿತ್ರಗಳಲ್ಲಿ ರೋಮದ ಜಮಖಾನ, ಹತ್ತು ದಿಂಬು, ದಪ್ಪ ಪರದೆ, ಬೆಂಕಿಗೂಡು. ಎಲ್ಲವೂ ಹಿಮ ಬೀಳುವ ಊರಿನ ಉಪಾಯ. ನಮ್ಮಲ್ಲಿ ಜೂನ್ ಹತ್ತಕ್ಕೆ ಜಮಖಾನದ ಅಡಿ ನೋಡಿ: ಬೂಸ್ಟು. ಬೆಚ್ಚಗಿನ ಕೋಣೆ ಎಂದು ಏಪ್ರಿಲ್ ತಿಂಗಳಲ್ಲಿ ಯಾರಿಗಾದರೂ ಹೇಳಿದರೆ ಬೈದಂತೆ ಕೇಳುತ್ತದೆ. ಇಲ್ಲಿ ಹಿತ ಎಂದರೆ ಮಂಚ ಗೋಡೆಯಿಂದ ಮೂರು ಇಂಚು ಬಿಟ್ಟು ನಿಲ್ಲುವುದು. ಕಿಟಕಿಯ ಅಡಿಕಟ್ಟನ್ನು ಹದಿನೇಳು ಇಂಚಿಗೆ ಇಳಿಸಿ, ಗೋಡೆಯ ದಪ್ಪದಲ್ಲೇ ಕೂತು ಮಳೆ ನೋಡುವುದು. ಹಂಚಿಗೂ ಅದರಡಿಯ ಹಲಗೆಯ ಮುಚ್ಚಿಗೆಗೂ ನಡುವೆ ಬಿಸಿಗಾಳಿ ಹೊರಹೋಗಲು ಎರಡು ಬದಿಯ ತ್ರಿಕೋನ ಗೋಡೆಯಲ್ಲಿ ಒಂದೊಂದು ಕಿಂಡಿ, ಬಾವಲಿ ಬಾರದಂತೆ ಅದಕ್ಕೊಂದು ಬಲೆ. ಬಲೆ ಮರೆತರೆ ಕೋಣೆಯ ಹಿತವೆಲ್ಲ ಬಾವಲಿಗೆ.

ಗುಟ್ಟು ಹೇಳುತ್ತೇನೆ ಎಂದಿದ್ದೆ. ಆದರೆ ಕ್ಯಾಲೆಂಡರ್ ಇನ್ನೂ ಕೈಯಲ್ಲೇ ಇದೆ. ಗೂಡಿನ ಅಗಲ ಹದಿನಾಲ್ಕು ಇಂಚು, ಕ್ಯಾಲೆಂಡರಿನದು ಹದಿನೈದು. ಮಡಚಿದರೆ ಭಾನುವಾರ ಕಾಣುವುದಿಲ್ಲ. ಕನ್ನಡದ್ದು ಹಳೆಯ ಆಣಿಯಲ್ಲೇ ಇದೆ, ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಮಲಯಾಳದ್ದನ್ನು ಬಾಳೆನಾರಿನಲ್ಲಿ ಕಿಟಕಿಯ ಸರಳಿಗೆ ಕಟ್ಟಿದ್ದಾಗಿದೆ. ಎರಚಲು ಬಿದ್ದು ಜೂನ್ ಹಾಳೆ ಜುಲೈಗೆ ಅಂಟಿಕೊಂಡಿದೆ. ಬಿಡಿಸಲು ಹೋದರೆ ಆಗಸ್ಟೂ ಜೊತೆಗೆ ಬರುತ್ತದೆ.