ಹದಿನೈದಕ್ಕೂ ಐವತ್ತಕ್ಕೂ ನಡುವೆ ಕಳೆದುಹೋದ ಕಾರುಗಳು

ಜರ್ಮನಿಯ ಸ್ಟುಟ್‌ಗಾರ್ಟಿನ ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ಹಿರಿಯರೊಬ್ಬರ ಬಳಿ 1979ರ ಮರ್ಸಿಡಿಸ್ 240 ಡಿ ಇದೆ. ಚಳಿ ಕಳೆದು ಬಿಸಿಲು ಬಂದ ಭಾನುವಾರಗಳಲ್ಲಿ ಅವರು ಗ್ಯಾರೇಜಿನ ಬಾಗಿಲು ತೆರೆದು, ಕಾರಿನಲ್ಲಿ ಕುಳಿತು, ಇಂಜಿನ್ ಹೊತ್ತಿಸದೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಹಳೆಯ ಡೀಸೆಲ್ ಇಂಜಿನ್ನಿನ ಒಳಗನ್ನು ಬಿಸಿಮಾಡುವ ಗ್ಲೋ ಪ್ಲಗ್ಗು ಕಾಯುವವರೆಗೆ ಚಾಲಕನೂ ಕಾಯಬೇಕು. ಈ ಹೊತ್ತಿಗೆ ಜರ್ಮನರು, ಆ ಇಂಜಿನ್ ಕಂಡುಹಿಡಿದವನ ನೆನಪಿಗೆ, ‘ರುಡಾಲ್ಫ್ ಡೀಸೆಲ್ ಸ್ಮರಣೆಯ ನಿಮಿಷ’ ಎಂದೇ ಹೆಸರಿಟ್ಟಿದ್ದಾರೆ. ಆಮೇಲೆ ಕಟಕಟ ಸದ್ದಿನೊಂದಿಗೆ ನಾಲ್ಕು ಸಿಲಿಂಡರುಗಳು ಎದ್ದು, ಕಾರು ಒಮ್ಮೆ ಮೈ ಕೊಡವಿಕೊಳ್ಳುತ್ತದೆ. ಆ ಸದ್ದು ಕೇಳಿದರೆ ನಾನು ಎಲ್ಲಿದ್ದರೂ ಕಿಟಕಿಯ ಬಳಿಗೆ ಬರುತ್ತೇನೆ, ಏಕೆಂದರೆ ಅಂಥದೇ ಒಂದು ಕಾರು ಒಂದು ಕಾಲದಲ್ಲಿ ನನ್ನದೂ ಆಗಿತ್ತು.

ನಾನು ಓದಲೆಂದು ಇಲ್ಲಿಗೆ ಬಂದದ್ದು 1999ರಲ್ಲಿ. ಕಂಪನಿಯವರು ಡಬ್ಲ್ಯು 123 ಎಂದು ಕರೆಯುವ ಈ ಮಾದರಿಯ ಕಾರುಗಳು 1976ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 27 ಲಕ್ಷ ತಯಾರಾಗಿದ್ದವು. ಹೊಸದರಲ್ಲಿ ಇದಕ್ಕಾಗಿ ಕಾಯುವವರ ಸಾಲು ಎಷ್ಟು ಉದ್ದವಿತ್ತೆಂದರೆ, ನಮ್ಮಲ್ಲಿ ಬಜಾಜ್ ಸ್ಕೂಟರಿಗೆ ಆಗುತ್ತಿದ್ದಂತೆ, ಒಮ್ಮೆ ಓಡಿಸಿದ ಕಾರು ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿತ್ತಂತೆ. ನಾನು ಬರುವ ಹೊತ್ತಿಗೆ ಆ ವೈಭವ ಮುಗಿದು, ಅದು ವಿದ್ಯಾರ್ಥಿಗಳ ಮತ್ತು ಹೊಸದಾಗಿ ವಲಸೆ ಬಂದವರ ಕಾರಾಗಿತ್ತು. ನಾವು ಮೂವರು ಗೆಳೆಯರು ಸೇರಿ 1,400 ಮಾರ್ಕಿಗೆ ಒಂದನ್ನು ಕೊಂಡು ನಾಲ್ಕು ವರ್ಷ ಓಡಿಸಿದೆವು. ಟ್ಯೂಫ್ ಎಂದು ಇಲ್ಲಿ ಕರೆಯುವ ಕಡ್ಡಾಯ ವಾಹನ ತಪಾಸಣೆಗೆ ಮುಂದಿನ ಸಲ ಹೋಗುವ ಮೊದಲು ಅಡಿಭಾಗದ ತುಕ್ಕು ಕತ್ತರಿಸಿ ತಗಡು ಬೆಸೆಯಬೇಕೆಂದಾಗ ನಮ್ಮಲ್ಲಿ ಹಣವಿರಲಿಲ್ಲ. ನಿಲ್ಲಿಸಿದ ಹಳೆಯ ಕಾರುಗಳ ಕಿಟಕಿಯ ರಬ್ಬರಿಗೆ ‘ಯಾವ ಸ್ಥಿತಿಯಲ್ಲಿದ್ದರೂ ಕೊಳ್ಳುತ್ತೇವೆ’ ಎಂಬ ಪುಟ್ಟ ಚೀಟಿ ಸಿಕ್ಕಿಸಿ ಹೋಗುವ ವ್ಯಾಪಾರಿಗಳು ಇಲ್ಲಿ ಇಂದಿಗೂ ಇದ್ದಾರೆ. ಅಂಥ ಒಬ್ಬರಿಗೆ ಅದನ್ನು 400 ಯೂರೋಗೆ ಕೊಟ್ಟುಬಿಟ್ಟೆವು. ಅದು ಹಡಗು ಹತ್ತಿ ಆಫ್ರಿಕಾ ಸೇರಿರಬೇಕು. ಮೊರೊಕ್ಕೊದ ಊರೂರುಗಳ ನಡುವೆ ದಶಕಗಳ ಕಾಲ ಟ್ಯಾಕ್ಸಿಯಾಗಿ ದುಡಿದದ್ದು ಇದೇ ಕಾರು. ಇಂದು ಈ ಮಾದರಿಯ ಸುಸ್ಥಿತಿಯ ಸ್ಟೇಷನ್ ವ್ಯಾಗನ್ ಒಂದಕ್ಕೆ 20,000 ಯೂರೋಗೂ ಹೆಚ್ಚು ಕೇಳುವವರಿದ್ದಾರೆ.

ಬೆಲೆ ಏರಿದ್ದರ ಬಗ್ಗೆ ನನಗೆ ಸಂಕಟವಿಲ್ಲ. ನನ್ನ ಮನಸ್ಸನ್ನು ಕಾಡುವುದು ಬೇರೆ. ಪ್ರತಿಯೊಂದು ಕಾರಿನ ಬಾಳಿನಲ್ಲೂ ಅದಕ್ಕೆ ಯಾವ ಬೆಲೆಯೂ ಇಲ್ಲದ ಒಂದು ಕಾಲ ಬರುತ್ತದೆ. ಹೊಸದರ ಹೊಳಪು ಹೋಗಿರುತ್ತದೆ, ಹಳೆಯದರ ಗೌರವ ಇನ್ನೂ ಬಂದಿರುವುದಿಲ್ಲ. ಆ ಕಾಲವನ್ನು ದಾಟಿದ ಕಾರು ಮಾತ್ರ ಉಳಿಯುತ್ತದೆ. ಅದನ್ನು ದಾಟಿಸಲು ಒಂದು ನಾಡಿನ ಕಾನೂನು ಕೈಹಿಡಿಯುತ್ತದೆಯೋ, ಕೈಬಿಡುತ್ತದೆಯೋ ಎಂಬುದರಲ್ಲಿಯೇ ಈ ದೇಶಕ್ಕೂ ನಮ್ಮ ದೇಶಕ್ಕೂ ಇರುವ ವ್ಯತ್ಯಾಸವನ್ನು ನಾನು ಕಂಡಿದ್ದೇನೆ.

ಜರ್ಮನಿಯಲ್ಲಿ 1997ರಿಂದ ‘ಎಚ್’ ಎಂಬ ಅಕ್ಷರವುಳ್ಳ ನಂಬರ್ ಪ್ಲೇಟ್ ಜಾರಿಯಲ್ಲಿದೆ. ಕಾರಿಗೆ 30 ವರ್ಷ ತುಂಬಿರಬೇಕು, ಅದು ಬಹುಮಟ್ಟಿಗೆ ಮೂಲ ರೂಪದಲ್ಲಿಯೇ ಇರಬೇಕು, ಸುಸ್ಥಿತಿಯಲ್ಲಿರಬೇಕು. ಪರೀಕ್ಷಕರು ಅಡಿಯಿಂದ ಮುಡಿಯವರೆಗೆ ನೋಡಿ ಒಪ್ಪಿದರೆ ಆ ಅಕ್ಷರ ಸಿಗುತ್ತದೆ. ಆಮೇಲೆ ಇಂಜಿನ್ ಎಷ್ಟೇ ದೊಡ್ಡದಿರಲಿ, ವರ್ಷದ ತೆರಿಗೆ ಒಂದೇ, 191.73 ಯೂರೋ. ಎರಡು ವರ್ಷಕ್ಕೊಮ್ಮೆ ತಪಾಸಣೆ ತಪ್ಪದು, ಆದರೆ ರಸ್ತೆಗಿಳಿಯಲು ಯಾರ ಅಪ್ಪಣೆಯೂ ಬೇಡ. 2019ರಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ಹಳೆಯ ಡೀಸೆಲ್ ಕಾರುಗಳನ್ನು ನಿಷೇಧಿಸಿದಾಗಲೂ ಎಚ್ ಅಕ್ಷರದವುಗಳಿಗೆ ವಿನಾಯಿತಿ ಇತ್ತು. ಬಿಡಿಭಾಗಗಳ ಚಿಂತೆಯೂ ಇಲ್ಲಿ ಕಡಿಮೆ. ಪಕ್ಕದ ಫೆಲ್‌ಬಾಕ್ ಊರಿನಲ್ಲಿ ಹಳೆಯ ಮರ್ಸಿಡಿಸ್‌ಗಳಿಗೆಂದೇ ಕಂಪನಿಯ ಕೇಂದ್ರವೊಂದು 1993ರಿಂದ ಕೆಲಸ ಮಾಡುತ್ತಿದೆ.

ಈಗ ನಮ್ಮ ಮನೆಯ ಕಾರಿನ ಮಾತು. ಶಿವಮೊಗ್ಗದಲ್ಲಿ ಅಪ್ಪ 1988ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು 1976ರ ಮಾಡೆಲ್ಲಿನ ಪ್ರೀಮಿಯರ್ ಪದ್ಮಿನಿ. ಹೆಸರು ಪದ್ಮಿನಿಯಾದರೂ ಊರಿನವರೆಲ್ಲರ ಬಾಯಲ್ಲಿ ಅದು ‘ಫಿಯೆಟ್’. ಸ್ಟೇರಿಂಗಿಗೆ ಅಂಟಿಕೊಂಡ ಗೇರು, ಮುಂದಿನ ಉದ್ದನೆಯ ಒಂದೇ ಸೀಟು, ಅದರಲ್ಲಿ ಅಪ್ಪ, ಅಮ್ಮ, ನಡುವೆ ನಾನು. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಅಪ್ಪ ನಾಲ್ಕೂ ಪ್ಲಗ್ ಬಿಚ್ಚಿ, ಅಡುಗೆಮನೆಗೆ ತಂದು, ಒಲೆಯ ಶಾಖದಲ್ಲಿ ಒಣಗಿಸಿ, ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಇನ್ನೂ ಬಿಸಿಯಿರುವಾಗಲೇ ಬಟ್ಟೆಯಲ್ಲಿ ಹಿಡಿದುಕೊಂಡು ಓಡುತ್ತಿದ್ದರು. ಆ ಪ್ಲಗ್ಗುಗಳ ಮೇಲಿದ್ದ ‘ಮೈಕೋ’ ಎಂಬ ಅಕ್ಷರಗಳು ನಾನು ಕೂಡಿಸಿ ಓದಿದ ಮೊದಲ ಇಂಗ್ಲಿಷ್ ಅಕ್ಷರಗಳು. ಬೆಂಗಳೂರಿನ ಆಡುಗೋಡಿಯ ಆ ಮೈಕೋ ಈ ಸ್ಟುಟ್‌ಗಾರ್ಟಿನ ಬಾಷ್ ಕಂಪನಿಯದೇ ಕವಲು ಎಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ.

2001ರಲ್ಲಿ ಆರ್‌ಸಿ ನವೀಕರಣದ ಸಮಯ ಬಂದಾಗ ಅಪ್ಪ ಎರಡು ಸಲ ಆರ್‌ಟಿಒ ಕಚೇರಿಗೆ ಹೋಗಿ ಬಂದು, ಮೂರನೆಯ ಸಲ ಹೋಗಲಿಲ್ಲ. ಕಾರು 8,000 ರೂಪಾಯಿಗೆ ಗುಜರಿ ಸೇರಿತು. ಆಗ ಅದಕ್ಕೆ 25 ವರ್ಷ. ಜರ್ಮನಿಯಲ್ಲಿದ್ದಿದ್ದರೆ ಇನ್ನು ಐದು ವರ್ಷ ಕಾಪಾಡಿಕೊಂಡರೆ ಸಾಕಿತ್ತು. ನಮ್ಮಲ್ಲಿ ಹಳೆಯ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ ಬಂದದ್ದೇ 2021ರಲ್ಲಿ, ಅದೂ 50 ವರ್ಷ ದಾಟಿದವುಗಳಿಗೆ. ಹಾಗಾಗಿ ಅಪ್ಪನ ಕಾರು ಆ ಗೌರವಕ್ಕೆ 2026ರವರೆಗೆ ಕಾಯಬೇಕಿತ್ತು. ಅಪ್ಪ ಅಲ್ಲಿಯವರೆಗೆ ಉಳಿಯಲಿಲ್ಲ.

ಆ ನಿಯಮವನ್ನು ನಾನು ಸ್ವಾಗತಿಸುತ್ತೇನೆ, ಆದರೆ ಅದು ಸಾಲದು. ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಿ, ‘ವಿಎ’ ಎಂಬ ಅಕ್ಷರಗಳ ಫಲಕ ಪಡೆದ ಮೇಲೂ ಆ ವಾಹನವನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ದುರಸ್ತಿ ಇಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬೇಕು. ಇತ್ತ 15 ವರ್ಷ ದಾಟಿದ ಸಾಮಾನ್ಯ ಕಾರಿನ ನವೀಕರಣ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಅದರ ಮೇಲೆ ಹಸಿರು ತೆರಿಗೆ, ಎಫ್‌ಸಿಯ ಓಡಾಟ. ದೆಹಲಿಯಲ್ಲಂತೂ ಸ್ಥಿತಿ ಹೇಗಿದೆಯೆಂದು ನೋಡದೆ ವಯಸ್ಸನ್ನೇ ಅಪರಾಧವೆಂದು ಎಣಿಸಲಾಯಿತು. 15ಕ್ಕೂ 50ಕ್ಕೂ ನಡುವಿನ 35 ವರ್ಷ, ಕಾರಿಗೆ ಬೆಲೆಯಿಲ್ಲದ ಆ ಕಾಲದುದ್ದಕ್ಕೂ, ಕಾನೂನು ಅದನ್ನು ಗುಜರಿಯ ಕಡೆಗೇ ನೂಕುತ್ತದೆ. ಶ್ರೀಮಂತರ ಮನೆಯ ದೊಡ್ಡ ವಿದೇಶಿ ಕಾರು ಶೆಡ್ಡಿನಲ್ಲಿ ನಿಂತು ಈ ಅವಧಿಯನ್ನು ಕಳೆದೀತು. ಮೇಷ್ಟರ, ಗುಮಾಸ್ತರ ಮನೆಯ ಫಿಯೆಟ್ ಕಳೆಯಲಾರದು. ಮುಂಬೈಯ ರಸ್ತೆಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಹಿಂದೆ ಸರಿಯಿತು. ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಕಾರುಗಳನ್ನು ಶ್ರದ್ಧೆಯಿಂದ ಕಾಪಾಡಿರುವುದನ್ನು ಕಂಡು ನನ್ನ ಮನಸ್ಸು ತುಂಬಿದೆ, ಆದರೆ ಒಂದು ಸಂಗ್ರಹಾಲಯ ಇಡೀ ನಾಡಿನ ಕಾರುಗಳಿಗೆ ಮನೆಯಾಗಲಾರದು.

ಜರ್ಮನರು ತಪ್ಪೇ ಮಾಡಲಿಲ್ಲವೆಂದು ನಾನು ಹೇಳುತ್ತಿಲ್ಲ. 2009ರಲ್ಲಿ, ಆರ್ಥಿಕ ಕುಸಿತದ ನಡುವೆ, ಒಂಬತ್ತು ವರ್ಷ ಮೀರಿದ ಕಾರನ್ನು ಒಡೆಸಿ ಹೊಸದನ್ನು ಕೊಂಡವರಿಗೆ ಸರ್ಕಾರ 2,500 ಯೂರೋ ಕೊಟ್ಟಿತು. ಹತ್ತಿರ ಹತ್ತಿರ 20 ಲಕ್ಷ ಕಾರುಗಳು ಕೆಲವೇ ತಿಂಗಳಲ್ಲಿ ಪುಡಿಯಾದವು. ಅವುಗಳಲ್ಲಿ ಎಷ್ಟೋ ಒಳ್ಳೆಯ ಸ್ಥಿತಿಯ ಕಾರುಗಳಿದ್ದವು. ನಮ್ಮ ಬೀದಿಯ ಹಿರಿಯರ 240 ಡಿಗೆ 30 ತುಂಬಿದ್ದೂ ಅದೇ ವರ್ಷ. ಒಂದು ಕೈಯಲ್ಲಿ 2,500 ಯೂರೋ, ಇನ್ನೊಂದು ಕೈಯಲ್ಲಿ ಎಚ್ ಅಕ್ಷರ. ಅವರು ಎರಡನೆಯದನ್ನು ಆರಿಸಿಕೊಂಡರು. ಆರಿಸಿಕೊಳ್ಳಲು ಎರಡನೆಯದೊಂದು ಇತ್ತು ಎಂಬುದೇ ನನಗೆ ಮುಖ್ಯವಾಗಿ ತೋರುತ್ತದೆ.

ಇನ್ನು ಕೈಕೆಲಸದ ವಿಷಯದಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಇಲ್ಲಿ ಬಿಡಿಭಾಗ ಬದಲಿಸುವ ಕಡೆ ನಮ್ಮ ಮೆಕ್ಯಾನಿಕ್ಕುಗಳು ಅದನ್ನೇ ಬಿಚ್ಚಿ ಸರಿಪಡಿಸುತ್ತಾರೆ. ಬೆಂಗಳೂರಿನ ಶಿವಾಜಿನಗರದ ಗುಜರಿಗಳಲ್ಲಿ ಹುಡುಕಿ ತಂದ ಒಂದು ಕಾರ್ಬೊರೇಟರಿನಿಂದ ಇನ್ನೊಂದಕ್ಕೆ ಜೀವ ಕೊಡುತ್ತಾರೆ. ಇಷ್ಟು ಬಲ್ಲ ಕೈಗಳಿರುವ ನಾಡಿನಲ್ಲಿ ಕಾರುಗಳು ಕೆಟ್ಟು ಸಾಯುತ್ತಿಲ್ಲ.

ಹಳೆಯ ಇಂಜಿನ್ ಹೊಗೆ ಉಗುಳುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ, ಬೆಂಗಳೂರಿನ ಗಾಳಿಯನ್ನು ಉಸಿರಾಡುವವರ ಮುಂದೆ ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ದಿನವೂ ಓಡುವ ಹಳೆಯ ವಾಹನಗಳಿಗೆ ಬಿಗಿಯಾದ ಹೊಗೆ ತಪಾಸಣೆ ಇರಲಿ. ಆದರೆ 30 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ, ವರ್ಷಕ್ಕೆ ಒಂದೆರಡು ಸಾವಿರ ಕಿಲೋಮೀಟರ್ ಮಾತ್ರ ಓಡುವ ಖಾಸಗಿ ಕಾರಿಗೆ ಬೇರೆಯೇ ಒಂದು ವರ್ಗ ಮಾಡಿ, ಸ್ಥಿತಿ ನೋಡಿ ಒಪ್ಪಿಗೆ ಕೊಟ್ಟು, ಕಡಿಮೆ ಶುಲ್ಕದಲ್ಲಿ ರಸ್ತೆಗಿಳಿಯಲು ಬಿಡಬೇಕು. ಅಂಬಾಸಿಡರ್, ಕಾಂಟೆಸ್ಸಾಗಳಲ್ಲಿ ಉಳಿದವು ಈಗಾಗಲೇ ಕೆಲವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮೊದಲ ತಲೆಮಾರಿನ ಕಾರುಗಳು ಗುಜರಿ ಸೇರುವ ಸರದಿ ಈಗ ನಡೆಯುತ್ತಿದೆ.

ಕಳೆದ ಸಲ ಊರಿಗೆ ಹೋದಾಗ, ಅಪ್ಪನ ಫಿಯೆಟ್ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯ ಮಗನ ಗ್ಯಾರೇಜಿಗೆ ಹೋಗಿದ್ದೆ. ಹುಣಸೆಮರದ ಕೆಳಗೆ 1992ರ ಬಿಳಿಯ ಮಾರುತಿ 800 ನಿಂತಿತ್ತು; ಬಾನೆಟ್ಟಿನ ಮೇಲೆ ಎಲೆ ಉದುರಿತ್ತು, ಟಯರುಗಳ ಗಾಳಿ ಇಳಿದಿತ್ತು. ಅವರು ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರು, ಎರಡನೆಯ ಸಲಕ್ಕೆ ಹೊತ್ತಿಕೊಂಡಿತು. ಇದನ್ನೇಕೆ ಮಾರುತ್ತಿದ್ದಾರೆ ಎಂದು ಕೇಳಿದೆ.

“ಇಂಜಿನ್ನಿಗೆ ಏನೂ ಆಗಿಲ್ಲ ಸಾರ್,” ಎಂದರು ಅವರು. “ಕಾಗದದ್ದೇ ತೊಂದರೆ. ಸೋಮವಾರ ಗುಜರಿಯವರು ಬರ್ತಾರೆ.”