ಗೌರಿಯ 12 ಗುಂಟೆ

ನಮ್ಮ ಮನೆಯ ಹಸು ಗೌರಿ ಭಾರಿ ಜಮೀನುದಾರಳು. ನಾನು ಹೇಳ್ತಿಲ್ಲ, 1966ರ ಕರ್ನಾಟಕ ಭೂಕಂದಾಯ ನಿಯಮಗಳೇ ಹೇಳುತ್ತವೆ. ಊರಿನ ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ, ಅಂದರೆ ದನ ಮೇಯಲು ಸರ್ಕಾರಿ ಜಾಗ, ಬಿಡಬೇಕಂತೆ. ತಲೆಗೆ ಲೆಕ್ಕ ಹಾಕಿದರೆ ಹೆಚ್ಚೂ ಕಮ್ಮಿ 12 ಗುಂಟೆ. 30-40ರ ಸೈಟು ಮಾಡಿದರೆ ಹತ್ತು! ನನಗಿರುವುದು ಒಂದೇ ಸೈಟು, ಅದಕ್ಕೂ ಇನ್ನೂ ಇ-ಸ್ವತ್ತು ಆಗಿಲ್ಲ. ಹಾಗಾಗಿ ಈಗೀಗ ಹಾಲು ಕರೆಯುವಾಗ ಸ್ವಲ್ಪ ಮರ್ಯಾದೆಯಿಂದ ಕೂರುತ್ತೇನೆ.

ಅವಳ ಆಸ್ತಿ ಅವಳಿಗೆ ತೋರಿಸೋಣ ಅಂತ ಮೊನ್ನೆ ಹಗ್ಗ ಹಿಡಿದು ಹೊರಟೆ. ಪಹಣಿಯಲ್ಲಿ ಗೋಮಾಳ ಅಂತಲೇ ಇದೆ. ಸ್ಥಳದಲ್ಲಿ ಮೊದಲು ಸಿಕ್ಕಿದ್ದು ಕಸ ವಿಲೇವಾರಿ ಘಟಕ. ಆಮೇಲೆ ನೀರಿನ ಟ್ಯಾಂಕು, ಅಂಗನವಾಡಿ, ಸ್ಮಶಾನಕ್ಕೆ ಗುರುತಿಸಿದ ಜಾಗ. ಎಲ್ಲವೂ ಬೇಕಾದವೇ, ಬೇಡ ಅನ್ನೋರು ಯಾರು? ಆದರೆ ಊರಿಗೆ ಏನು ಮಂಜೂರಾದರೂ ನಮ್ಮವರ ಬೆರಳು ನಕ್ಷೆಯಲ್ಲಿ ಅಲ್ಲಿಗೇ ಹೋಗುತ್ತದೆ. ನಕ್ಷೆಯಲ್ಲಿ ಅದು ಖಾಲಿ ಜಾಗ. ಹುಲ್ಲು ನಕ್ಷೆಯಲ್ಲಿ ಕಾಣಲ್ಲ ನೋಡಿ.

ಸ್ಮಶಾನದ ಆಚೆ ಅಡಿಕೆ ತೋಟ, ಸುತ್ತ ಗಟ್ಟಿ ಬೇಲಿ. ಸರ್ಕಾರಿ ಜಾಗದ ಸಾಗುವಳಿಯನ್ನು ಸಕ್ರಮ ಮಾಡಿ ಅಂತ ಕೇಳುವ ಅರ್ಜಿ, ಫಾರಂ 57 ಹಾಕಿದ್ದಾರಂತೆ. ಬೇಲಿ ಸಂದಿಯಲ್ಲಿ ತಲೆ ತೂರಿಸಿ ಗೌರಿ ಒಂದು ಬಾಯಿ ಹುಲ್ಲು ಕಿತ್ತಳಷ್ಟೇ. ಒಳಗಿಂದ ಕೂಗು ಬಂತು: "ಯಾರ್ರೀ ಅದು, ನಮ್ಮ ಜಮೀನಿಗೆ ದನ ಬಿಟ್ಟೋರು?"

ಗೌರಿಯನ್ನು ಕಟ್ಟಿ ನೆಟ್ಟಗೆ ತಾಲ್ಲೂಕು ಕಚೇರಿಗೆ ಹೋದೆ.

"ಹೆಚ್ಚುವರಿ ಗೋಮಾಳ ಮಾತ್ರ ಕೊಡೋದು ಸಾರ್" ಅಂದರು.

"ಹೆಚ್ಚುವರಿ ಅಂದ್ರೆ?"

"ದನದ ಲೆಕ್ಕಕ್ಕಿಂತ ಜಾಸ್ತಿ ಇರೋದು. ನಿಮ್ಮೂರಲ್ಲಿ ದನ ಕಮ್ಮಿಯಾಗಿವೆ."

"ಯಾಕೆ ಕಮ್ಮಿಯಾದವು?"

"ಮೇವಿಲ್ಲ ಅಂತ ಜನ ಮಾರಿಬಿಟ್ಟರು."

"ಮೇವು ಯಾಕಿಲ್ಲ?"

ಅವರು ಫೈಲಿನ ದಾರ ಬಿಗಿಯಾಗಿ ಕಟ್ಟಿದರು.

ಗೌರಿಯ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದೆ. ಹಾಗಾಗಿ ಅವಳು ಸರ್ಕಾರದ ಲೆಕ್ಕದಲ್ಲಿರುವುದು ಗ್ಯಾರಂಟಿ. ಅವಳು ಇರುವವರೆಗೆ ಆ 12 ಗುಂಟೆ ಹೆಚ್ಚುವರಿ ಆಗುವಂತಿಲ್ಲ.

ಈ ವಿಷಯ ಊರಲ್ಲಿ ಹೇಗೋ ಗೊತ್ತಾಗಿದೆ. ಅಡಿಕೆ ತೋಟದ ಯಜಮಾನರು ಈಗ ದಿನಾ ಸಂಜೆ ಕೊಟ್ಟಿಗೆ ಹತ್ತಿರ ಬಂದು ನಿಲ್ಲುತ್ತಾರೆ. ಗೌರಿಯ ಬೆನ್ನು ಸವರಿ, ಹಲ್ಲು ನೋಡಿ, ತುಂಬಾ ಕಾಳಜಿಯಿಂದ ಕೇಳುತ್ತಾರೆ: "ಪಾಪ, ವಯಸ್ಸಾಯ್ತು ಅಲ್ವಾ ಇದಕ್ಕೆ?"